ಗೋಮುಖ ಹೇಗಿದೆ ಅಂತ ನಾನು ಹೇಳುವುದಿಲ್ಲ

ಮಯೂರ್ ವಿಹಾರ್, ದೆಹಲಿ
11 ಜೂನ್ 2006

ಅಮ್ಮಾ,

ಬೆಳಗಿನ ಜಾವ ಮೂರು ಮುಕ್ಕಾಲು. ನಲ್ಲಿ ಕೆಮ್ಮಿದ ಸದ್ದಿಗೆ ಎಚ್ಚರವಾಯಿತು. ಆ ಸದ್ದು ನಿನಗೂ ಗೊತ್ತು. ಬಾಣಂತನಕ್ಕೆಂದು ಬಂದ ಮೊದಲ ರಾತ್ರಿ, 'ಅಡುಗೆಮನೇಲಿ ಯಾರೋ ಗಂಟಲು ಸರಿಮಾಡ್ಕೋತಿದಾರೆ ಕಣೇ' ಅಂತ ನನ್ನನ್ನು ಎಬ್ಬಿಸಿದ್ದೆ. ಮೊದಲು ಬರೀ ಗಾಳಿ, ಆಮೇಲೆ ಒಂದಿಷ್ಟು ಕೆಂಪು ನೀರು, ಆಮೇಲೆ ನಿಜವಾದ ನೀರು. ಪಕ್ಕದ ಮನೆಯ ಕೌರ್ ಆಂಟಿ ಗೋಡೆ ತಟ್ಟಿ 'ಪಾನಿ ಆ ಗಯಾ, ಬೇಟಾ' ಅನ್ನುತ್ತಾರೆ, ನೀರು ಬಂತು ಅಂತ. ಬಕೆಟ್ಟು, ಡ್ರಮ್ಮು, ಕೊನೆಗೆ ಕುಕ್ಕರನ್ನೂ ತುಂಬಿಟ್ಟು ಬಂದು ನೋಡಿದರೆ ಸಂದೀಪ್ ನಿದ್ದೆಯಲ್ಲಿದ್ದಾನೆ, ಹರ್ಷಿಣಿಯೂ ನಿದ್ದೆಯಲ್ಲಿದ್ದಾಳೆ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದೆ. ಈ ರಾತ್ರಿ ಇದು ಎಷ್ಟನೆಯ ಸಲವೋ. ಅವಳು ಎದ್ದಿದ್ದರೆ ನನಗೆ ಸುಸ್ತು, ಮಲಗಿದರೆ ಭಯ.

ಫೋನ್ ಮಾಡಿದರೆ ನೀನು ಮಾತಾಡುವುದಿಲ್ಲ. ರಿಸೀವರ್ ಎತ್ತುತ್ತೀಯ, ನನ್ನ ದನಿ ಕೇಳುತ್ತೀಯ, 'ರೀ, ನಿಮ್ಮ ಮಗಳು' ಅಂತ ಅಪ್ಪನ ಕೈಗೆ ಕೊಡುತ್ತೀಯ. ಅಪ್ಪ 'ಹೂಂ, ಚೆನ್ನಾಗಿದೀವಿ, ಮಳೆ ಇನ್ನೂ ಇಲ್ಲ' ಅಂದು ಇಟ್ಟುಬಿಡುತ್ತಾರೆ. ಜನವರಿಯಿಂದ ಇದೇ ನಡೆದಿದೆ. ಅದಕ್ಕೇ ಈ ಪತ್ರ. ಅಷ್ಟು ವರ್ಷ ಟೀಚರಾಗಿದ್ದವಳು ನೀನು, ಬಂದ ಪತ್ರಕ್ಕೆ ಉತ್ತರ ಬರೆಯದೆ ಇರಲಾರೆ.

ವಿಷಯ ಇಷ್ಟು. ಈ ದಸರಾ ರಜೆಯಲ್ಲಿ ನಾನು ಗೋಮುಖಕ್ಕೆ ಹೋಗುತ್ತಿದ್ದೇನೆ. ಗಂಗೆ ಹುಟ್ಟುವ ಜಾಗಕ್ಕೆ. ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಮ್ಮ ದೇವರ ಗೂಡಿನಲ್ಲಿ ಗಂಗೆಯ ತಂಬಿಗೆ ಇದೆಯಲ್ಲ, ಬಾಯಿಗೆ ಬೆಸುಗೆ ಹಾಕಿದ ಆ ಪುಟ್ಟ ತಾಮ್ರದ್ದು, ಮನೆಯಲ್ಲಿ ಯಾರಾದರೂ ಸಾಯುವಾಗ ಮಾತ್ರ ಒಡೆಯಬೇಕಾದದ್ದು. ನೀನು ಶಾಲೆಗೆ ಹೋದಾಗ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಯಾರೋ ಸಣ್ಣಗೆ ಹೊರಳಿದಂತೆ ಕೇಳಿಸುತ್ತಿತ್ತು. ಅದನ್ನು ತಂದ ವೈಜಯಂತಿ ಅತ್ತೆ ಮನೆಗೆ ಬಂದಾಗಲೆಲ್ಲ ನಾನು ಕಾಡಿ ಕಾಡಿ ಹೇಳಿಸಿಕೊಳ್ಳುತ್ತಿದ್ದ ಕಥೆ ಒಂದೇ. 'ನೂರೆಂಟು ಮೆಟ್ಟಿಲು ಇಳಿದ್ರೆ ಕಲ್ಲಿನ ಬಸವನ ಮುಖ, ಪುಟ್ಟಿ. ಅದರ ಬಾಯಿಂದ ಗಂಗೆ ಧೋ ಅಂತ ಬೀಳ್ತಾಳೆ. ನಾನು ಬೊಗಸೆ ಒಡ್ಡಿ ನಿಂತೆ.' ಶಾಲೆಯ ಭೂಪಟದಲ್ಲಿ ಗಂಗೆಯ ನೀಲಿ ಗೆರೆಯ ತುದಿಯ ಮೇಲೆ ಬೆರಳಿಟ್ಟು ಮುಚ್ಚುತ್ತಿದ್ದೆ, ತೆಗೆಯುತ್ತಿದ್ದೆ. ಬೆರಳು ತೆಗೆದಾಗ ನೀರು ಹರಿಯುತ್ತದೆ ಅಂತ ನನ್ನ ಲೆಕ್ಕ.

ಈಗ ತಮಾಷೆ ಕೇಳು. ಪೇಪರಿನಲ್ಲಿ ಬಂದಿದೆ ಅಂತ ಸಂದೀಪ್ ಓದಿ ಹೇಳಿದ, ಯಮುನೆಯ ಈಚೆ ದಡದ ನಮ್ಮ ಕಡೆ ಮನೆಗಳಿಗೆ ಬರುವುದು ಕಾಲುವೆಯಲ್ಲಿ ಹರಿದು ಬಂದ ಗಂಗೆಯ ನೀರಂತೆ. ಅಂದರೆ ದಿನಾ ಬೆಳಗಿನ ಜಾವ ನನ್ನ ಅಡುಗೆಮನೆಯಲ್ಲಿ ಕೆಮ್ಮುವವಳು ಅವಳೇ. ಅವಳು ಅಲ್ಲಿಂದ ಇಲ್ಲಿಗೆ ಬರಬಹುದಾದರೆ ನಾನು ಇಲ್ಲಿಂದ ಅಲ್ಲಿಗೆ ಹೋಗಬಾರದೆ?

ಸಂದೀಪ್, ಹರ್ಷಿಣಿ ಇಬ್ಬರೂ ಉತ್ತರಕಾಶಿಯವರೆಗೆ ಬರುತ್ತಾರೆ. ಅಲ್ಲಿಂದ ಮೇಲೆ ನಾನೊಬ್ಬಳೇ. ಒಂದೇ ಒಂದು ರಾತ್ರಿ ಮಗುವನ್ನು ಬಿಟ್ಟಿರಬೇಕು. ಆದರೂ ಹೋಗುತ್ತೇನೆ.

ಉತ್ತರ ಬರೆ.

ನಿನ್ನ
ಅಪೂರ್ವ


ತುಮಕೂರು
2-7-2006

ಚಿ. ಸೌ. ಅಪೂರ್ವಳಿಗೆ ತಾಯಿ ಇಂದಿರಮ್ಮನ ಆಶೀರ್ವಾದ.

ನಾವು ಕ್ಷೇಮ. ಪತ್ರವನ್ನು ಕ್ಷೇಮ ಕೇಳಿ ಶುರುಮಾಡಬೇಕೇ ಹೊರತು ನಲ್ಲಿಯಿಂದಲ್ಲ. ಎಂಟನೇ ಕ್ಲಾಸಿನಲ್ಲಿ ನಿನಗೆ ಕನ್ನಡ ಪಾಠ ಮಾಡಿದವಳು ನಾನೇ, ಆದ್ದರಿಂದ ತಪ್ಪು ನನ್ನದೇ ಇರಬೇಕು.

ಬಂದ ಪತ್ರಕ್ಕೆ ಉತ್ತರ ಬರೆಯುವುದು ಮರ್ಯಾದೆ. ಮಾತಾಡುವುದು ಬೇರೆ. 'ಇದು ನನ್ನ ಮನೆ, ಇಲ್ಲಿ ನಿನ್ನ ಕಾನೂನು ನಡೆಯಲ್ಲ' ಅಂದೆಯಲ್ಲ, ಅದು ನನ್ನ ಕಿವಿಯಲ್ಲೇ ಇದೆ. ನಾನು ಹಾಕಿದ ಕಾನೂನಾದರೂ ಏನು? ಕಿವಿಗೆ ಹತ್ತಿ ಇಟ್ಟುಕೋ, ತಣ್ಣೀರು ಮುಟ್ಟಬೇಡ, ಸಾಂಬ್ರಾಣಿ ಹೊಗೆ ಹಾಕಿದಾಗ ಕಿಟಕಿ ತೆಗೆಯಬೇಡ. ಆ ಊರಿನ ಜನವರಿ ಚಳಿಯಲ್ಲಿ ಹಸಿಬಾಣಂತಿ ಕಿಟಕಿಯನ್ನೂ ತೆಗೆದೆ, ಬರಿಗೈಯನ್ನು ನಲ್ಲಿಯ ಕೆಳಗೂ ಹಿಡಿದೆ. ನನ್ನ ಎದುರಿಗೇ. ಬಾಣಂತನ ಅರ್ಧಕ್ಕೆ ಬಿಟ್ಟು ಯಾಕೆ ಬಂದಿರಿ ಅಂತ ಇಲ್ಲಿ ನಾಲ್ಕು ಜನ ಕೇಳಿದರು. ಹವಾ ಒಗ್ಗಲಿಲ್ಲ ಅಂತ ಸುಳ್ಳು ಹೇಳಿದೆ. ತಪ್ಪಾಯಿತು ಅಂತ ನೀನು ಅನ್ನುವವರೆಗೆ ಫೋನಿನಲ್ಲಿ ಮಾತಿಲ್ಲ.

ಇನ್ನು ಗೋಮುಖದ ವಿಷಯ. ಬೇಡ. ಹಾಲು ಕುಡಿಸುವ ತಾಯಿ ಹಿಮದ ಮೇಲೆ ನಡೆದರೆ ಎದೆಹಾಲು ಹೆಪ್ಪುಗಟ್ಟುತ್ತದೆ ಅಂತ ನಮ್ಮ ಅತ್ತೆಯವರು ಹೇಳುತ್ತಿದ್ದರು. ಸುಳ್ಳೇ ಇರಬಹುದು. ಪರೀಕ್ಷೆ ಮಾಡಿ ನೋಡುವುದಕ್ಕೆ ನಿನ್ನ ಮಗಳೇ ಬೇಕೆ? ಆಯುಧಪೂಜೆಯ ದಿನ ಮನೆಯಲ್ಲಿ ದೀಪ ಹಚ್ಚುವವರು ಯಾರು? ಅಳಿಯಂದಿರು ಮಗುವನ್ನು ನೋಡಿಕೊಳ್ಳುತ್ತಾರೆ ಅಂತ ನಂಬಿದ್ದೀಯ. ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಆದರೆ ಕುಕ್ಕರಿನ ವಿಷಲ್ ಎಣಿಸಲು ಬಾರದವರು.

ನಲ್ಲಿಯಲ್ಲಿ ಗಂಗೆ ಬರುತ್ತಾಳೆ ಅಂದೆ. ಮಗುವಿನ ಬಟ್ಟೆ ಅದರಲ್ಲೇ ಒಗೆಯುತ್ತೀಯಲ್ಲ, ಅದಕ್ಕೆ ಏನು ಹೇಳಲಿ.

ಮಗು ದೊಡ್ಡದಾಗಲಿ. ಆಮೇಲೆ ಹೋದರಾಯಿತು. ಹಿಮಾಲಯ ಎಲ್ಲಿಗೂ ಓಡಿಹೋಗುವುದಿಲ್ಲ.

ಇಂತಿ,
ಇಂದಿರಮ್ಮ


ಮಯೂರ್ ವಿಹಾರ್
23 ಜುಲೈ 2006

ಅಮ್ಮಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ಈಗ ಸರಿಯಾಯಿತೆ?

ಹಿಮಾಲಯ ಓಡಿಹೋಗುವುದಿಲ್ಲ ಅಂದೆ. ಓಡಿಹೋಗುತ್ತಿದೆ. ಗೋಮುಖದ ಮಂಜುಗಡ್ಡೆ ವರ್ಷ ವರ್ಷವೂ ಕರಗಿ ಹಿಂದೆ ಸರಿಯುತ್ತಿದೆ. ನಾನು ಹುಟ್ಟಿದಾಗ ಅದು ಇದ್ದ ಜಾಗದಲ್ಲಿ ಈಗ ಬರೀ ಕಲ್ಲು. ನೀನು 'ಆಮೇಲೆ' ಅಂದಷ್ಟು ಸಲ ಅದು ಒಂದೊಂದು ಹೆಜ್ಜೆ ಹಿಂದೆ ಹೋಗಿದೆ.

ಡಾಕ್ಟರನ್ನು ಕೇಳಿದೆ. ಹಾಲಿಗೂ ಹಿಮಕ್ಕೂ ಸಂಬಂಧವಿಲ್ಲ ಅಂತ ನಕ್ಕರು. ಹರ್ಷಿಣಿ ರಾಗಿ ಸರಿ ತಿನ್ನಲು ಶುರುಮಾಡಿದ್ದಾಳೆ. ಸಂಜೆ ಅವಳನ್ನು ಎದೆಗೆ ಕಟ್ಟಿಕೊಂಡು ನಮ್ಮ ಬ್ಲಾಕಿನ ಮೆಟ್ಟಿಲು ಹತ್ತುತ್ತೇನೆ, ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ. ಕೌರ್ ಆಂಟಿ ಬಾಗಿಲಲ್ಲಿ ನಿಂತು, 'ವೇಯ್ಟ್ ಕಮ್ ಕರ್ ರಹೀ ಹೋ?' ಅಂತ ಕೇಳಿದರು, ತೂಕ ಇಳಿಸ್ತಿದೀಯಾ ಅಂತ. ಇಲ್ಲ ಆಂಟೀ, ಹಿಮಾಲಯಕ್ಕೆ ಹೋಗ್ತಿದೀನಿ ಅಂದೆ. 'ಅಚ್ಛಾ' ಅಂದು ಬಾಗಿಲು ಹಾಕಿಕೊಂಡರು. ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಭಾನುವಾರಗಳು ನಿನ್ನ ಅಳಿಯಂದಿರವು. ನಾನು ಬೆಳಿಗ್ಗೆಯೇ ಹೊರಗೆ ಹೋಗಿ ಸಂಜಯ್ ಲೇಕಿನ ಸುತ್ತ ನಡೆಯುತ್ತೇನೆ, ಫೋನು ಮನೆಯಲ್ಲೇ ಬಿಟ್ಟು. ಮೊದಲ ಭಾನುವಾರ ಸರಿ ತಳ ಹಿಡಿದಿತ್ತು, ಮಗು, ಅಪ್ಪ ಇಬ್ಬರೂ ಅಳುವ ಮುಖ ಮಾಡಿ ಕೂತಿದ್ದರು. ಮೊನ್ನೆ ಬಂದು ನೋಡಿದರೆ ಅವನ ಭುಜದ ಮೇಲೆ ಇವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. 'ಶ್, ಸದ್ದು ಮಾಡ್ಬೇಡ, ಹೋಗಿ ಇನ್ನೊಂದು ಸುತ್ತು ನಡಿ' ಅಂದ. ವಿಷಲ್ ಎಣಿಸುವುದನ್ನೂ ಕಲಿತಿದ್ದಾನೆ.

ತಪ್ಪಾಯಿತು ಅಂತ ನಾನು ಬರೆಯುವುದಿಲ್ಲ. ಆ ಮಾತು ಆಡಿದ್ದು ನಿಜ, ಅದು ನನ್ನ ಮನೆಯೇ. ಹೊಗೆಯಲ್ಲಿ ಮಗು ಕೆಮ್ಮುತ್ತಿತ್ತು, ಕಿಟಕಿ ತೆಗೆದೆ. ಇನ್ನೊಮ್ಮೆ ಹಾಗಾದರೂ ತೆಗೆಯುತ್ತೇನೆ.

ಒಂದು ಪ್ರಶ್ನೆ. ನಿನಗೆ ಯಾವತ್ತಾದರೂ, ಎಲ್ಲಿಗಾದರೂ, ಹೋಗಲೇಬೇಕು ಅನ್ನಿಸಿತ್ತೆ? ಅನ್ನಿಸಿದ್ದರೆ ನನಗೆ ಬೇಡ ಅನ್ನುತ್ತಿರಲಿಲ್ಲ.

ಅಪೂರ್ವ


ತುಮಕೂರು
30-8-2006

ಅಪೂರ್ವ,

ಅನ್ನಿಸಿತ್ತು.

ನಿನಗೆ ಆಗ ಎಂಟು ತಿಂಗಳು. ನಮ್ಮ ಬೀದಿಯವರೆಲ್ಲ ಸೇರಿ ಯಾತ್ರೆಗೆ ಬಸ್ಸು ಮಾಡಿದ್ದರು. ಕಾಶಿ, ಹರಿದ್ವಾರ, ಅಲ್ಲಿಂದ ಗಂಗೋತ್ರಿ, ಗೋಮುಖ. ನನಗೂ ಒಂದು ಸೀಟು ಹಿಡಿದಿದ್ದರು, ಕಿಟಕಿ ಪಕ್ಕ. ಮಗುವನ್ನು ನಮ್ಮಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದರು. ತುಮಕೂರಿನಲ್ಲಿ ಸ್ವೆಟರ್ ಯಾರು ಹಾಕುತ್ತಾರೆ? ಬೆಂಗಳೂರಿನಿಂದ ಮೆರೂನ್ ಬಣ್ಣದ ಉಲ್ಲನ್ ತರಿಸಿ, ಶಾಲೆಯ ಊಟದ ಬಿಡುವಿನಲ್ಲಿ ಹೆಣೆದೆ. ಹೆಡ್ಮಾಸ್ಟರ್ ದಕ್ಷಿಣಾಮೂರ್ತಿಗಳು, 'ಇಂದಿರಾ ಟೀಚರ್ ಹಿಮಾಲಯಕ್ಕೇ ಹೆಣೀತಿದಾರೋ ಹೇಗೆ' ಅಂತ ತಮಾಷೆ ಮಾಡುತ್ತಿದ್ದರು. ಬೆಚ್ಚಗಿರಲಿ ಅಂತ ಕುತ್ತಿಗೆ ಎತ್ತರಕ್ಕೆ ಬಿಟ್ಟಿದ್ದೆ.

ಹೊರಡುವ ಹಿಂದಿನ ಸಂಜೆ ನಿಮ್ಮ ಅಜ್ಜಿ, ನಮ್ಮ ಅತ್ತೆಯವರು, ಹೇಳಿದರು, 'ಎಳೇ ಕೂಸಿನ ತಾಯಿ ಹಿಮಕ್ಕೆ ಬಂದ್ರೆ ಕೂಸಿಗೆ ಆಪತ್ತು. ಸೀಟು ಯಾಕೆ ಹಾಳು ಮಾಡೋದು, ವೈಜಯಂತಿ ಬರ್ಲಿ.' ನಿಮ್ಮಪ್ಪ ಪೇಪರ್ ಓದುತ್ತಿದ್ದರು. ಆ ಸಂಜೆಯೆಲ್ಲ ಪುಟ ತಿರುಗಿಸಲಿಲ್ಲ, ಆದರೆ ಮಾತೂ ಆಡಲಿಲ್ಲ. ವೈಜಯಂತಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. 'ಅತ್ತಿಗೆ, ನನ್ನ ಹತ್ರ ಸ್ವೆಟರ್ ಇಲ್ವಲ್ಲ' ಅಂದಳು. ಮೊಳೆಗೆ ನೇತುಹಾಕಿದ್ದ ನನ್ನದನ್ನೇ ತೆಗೆದು ಕೊಟ್ಟೆ.

ಬಸ್ಸು ಹೊರಟಾಗ ನೀನು ನನ್ನ ಸೊಂಟದ ಮೇಲಿದ್ದೆ. ಎಲ್ಲರಿಗೂ ಟಾಟಾ ಮಾಡಿದೆ. ಆಗಷ್ಟೇ ಕಲಿತಿದ್ದೆ.

ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವಳು ಬಂದು ನೂರೆಂಟು ಮೆಟ್ಟಿಲ ಕಥೆ ಹೇಳುವಾಗಲೆಲ್ಲ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ನಿನಗೆ ಕಾಫಿ ಮಾಡಲು ಹೋದಳು ಅನ್ನಿಸಿರಬೇಕು.

ಹೋಗಲಿಲ್ಲ ಅಂತ ನಾನೇನು ಸತ್ತೆನೆ? ನಿನ್ನನ್ನು ಬೆಳೆಸಿದೆ, ಓದಿಸಿದೆ. ನೀನೂ ಹಾಗೇ ಮಾಡು. ಹೋಗಬೇಡ.

ಇಂದಿರಮ್ಮ


ಮಯೂರ್ ವಿಹಾರ್
9 ಅಕ್ಟೋಬರ್ 2006

ಅಮ್ಮಾ,

ಹೋಗಿ ಬಂದೆ.

ನಿನ್ನ ಪತ್ರ ಓದಿದ ಮೇಲೆ ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ. ನಾನು ಕೂಸಾಗಿ ನಿನ್ನ ದಾರಿಗೆ ಅಡ್ಡ ಇಟ್ಟ ಕಲ್ಲಾಗಿದ್ದು ಸಾಕು. ನನ್ನ ಕೂಸನ್ನೂ ಕಲ್ಲು ಮಾಡುವುದಿಲ್ಲ. ನಾಳೆ ಅವಳು ಟಾಟಾ ಮಾಡಿದರೆ ಅದು ನನಗೇ ಮಾಡಲಿ.

ಮಾಡಿದಳು. ಉತ್ತರಕಾಶಿಯಲ್ಲಿ, ಬೆಳಕು ಹರಿಯುವ ಮೊದಲು, ಅಪ್ಪನ ಹೆಗಲ ಮೇಲಿಂದ. ಅವಳು ಅಳಲಿಲ್ಲ. ನಾನು ಜೀಪಿನಲ್ಲಿ ಕೂತು ಗಂಗೋತ್ರಿಯವರೆಗೂ ಅತ್ತೆ. ಪಕ್ಕದಲ್ಲಿದ್ದ ಪಹಾಡಿ ಹೆಂಗಸು ಸಂಚಿಯಿಂದ ಒಂದು ಸೇಬು ತೆಗೆದು ನನ್ನ ಮಡಿಲಿಗಿಟ್ಟು, 'ಖಾ ಲೇ, ಫಿರ್ ರೋ ಲೇನಾ' ಅಂದಳು. ತಿನ್ನು, ಆಮೇಲೆ ಅಳು. ತಿಂದೆ.

ಗಂಗೋತ್ರಿಯಿಂದ ಮೇಲೆ ರಸ್ತೆ ಇಲ್ಲ, ನಡೆಯಬೇಕು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆಳಗೆ ಅವಳು, ಗಂಗೆ. ದಾರಿಯುದ್ದಕ್ಕೂ ನನಗೆ ಅನ್ನಿಸಿದ್ದೆಲ್ಲ ಭಯವೇ. ಸಂದೀಪ್ ನೀರು ಕುದಿಸಿದನೋ ಇಲ್ಲವೋ, ಲಾಡ್ಜಿನ ಬಾಲ್ಕನಿಯ ಕಂಬಿಗಳ ಸಂದು ಅಗಲವಾಗಿತ್ತೋ ಏನೋ. ಕಾಲು ಮುಂದೆ ಹೋಗುತ್ತಿತ್ತು, ತಲೆ ಹಿಂದೆ. ಕೊನೆಗೆ ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ರಾಜಸ್ಥಾನದ ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು, ಲಂಗ ಎತ್ತಿ ಕಟ್ಟಿ, ಪ್ಲಾಸ್ಟಿಕ್ ಚಪ್ಪಲಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋದರು. 'ಚಲ್ ಬೇಟಿ, ಬೈಠೀ ಕ್ಯೋಂ ಹೈ?' ಅಂತ ನನಗೇ ಗದರಿದರು. ನಡಿ ಮಗಳೇ, ಯಾಕೆ ಕೂತೆ ಅಂತ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನ್ನ ಮಂಡಿನೋವಿನ ನೆಪ ಇನ್ನು ಮೇಲೆ ನನ್ನ ಹತ್ತಿರ ನಡೆಯುವುದಿಲ್ಲ.

ರಾತ್ರಿ ಭೋಜ್‌ಬಾಸಾದ ಆಶ್ರಮದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಮಲಗಿದೆವು. ಆ ಅಜ್ಜಿ ನನ್ನ ಪಕ್ಕ. ನನಗೆ ನಿದ್ದೆ ಬರಲಿಲ್ಲ, ಅದರಲ್ಲೇನೂ ಹೊಸದಿಲ್ಲ. ಆದರೆ ಎದ್ದು ಉಸಿರು ನೋಡಲು ಮಗು ಇಲ್ಲ. ಕೈ ಸುಮ್ಮನಿರಬೇಕಲ್ಲ, ಅಜ್ಜಿಯ ಮೂಗಿನ ಕೆಳಗೆ ಬೆರಳಿಟ್ಟೆ. ಕಣ್ಣು ಬಿಡದೆಯೇ, 'ಜಿಂದಾ ಹೂಂ. ಸೋ ಜಾ' ಅಂದರು. ಬದುಕಿದೀನಿ, ಮಲಗು. ಅಮ್ಮಾ, ಹರ್ಷಿಣಿ ಹುಟ್ಟಿದ ಮೇಲೆ ಮೊದಲ ಬಾರಿಗೆ ಆ ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ.

ಬೆಳಿಗ್ಗೆ ಗೋಮುಖ. ವಿಜಯದಶಮಿಯ ದಿನ.

ಅಲ್ಲಿ ಮೆಟ್ಟಿಲಿಲ್ಲ. ನೂರೆಂಟೂ ಇಲ್ಲ, ಒಂದೂ ಇಲ್ಲ. ಕಲ್ಲಿನ ಬಸವ ಇಲ್ಲ. ನಮ್ಮೂರ ದೇವಸ್ಥಾನದ ಕಲ್ಯಾಣಿಯಲ್ಲಿ ಇರುವಂಥದ್ದು ಯಾವುದೂ ಅಲ್ಲಿಲ್ಲ. ಅತ್ತೆ ಯಾವ ಗೋಮುಖ ನೋಡಿದರೋ ನನಗೆ ಗೊತ್ತಿಲ್ಲ.

ಹಾಗಾದರೆ ಏನಿದೆ ಅಂತ ಕೇಳುತ್ತೀಯ. ಹೇಳುವುದಿಲ್ಲ. ಫೋಟೋ ತೆಗೆದಿದ್ದೇನೆ, ಕಳಿಸುವುದಿಲ್ಲ. ಇನ್ನೊಬ್ಬರ ಬಾಯಿಂದ ನೀನು ಗೋಮುಖದ ಕಥೆ ಕೇಳಿದ್ದು ಸಾಕು.

ನಾನು ಏನು ಮಾಡಿದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಕಿವಿಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿದೆ. ಎರಡೂ ಕೈಗಳನ್ನು ಮೊಣಕೈಯವರೆಗೆ ಆ ನೀರಿನಲ್ಲಿ ಮುಳುಗಿಸಿದೆ. ತಣ್ಣಗಿದೆ ಅನ್ನಿಸುವುದಿಲ್ಲ, ಸುಡುತ್ತದೆ. ನಿನ್ನ ಇಡೀ ಬಾಣಂತನವನ್ನು ಒಂದೇ ಸಲಕ್ಕೆ ಮುರಿದೆ. ಎದೆ ಕಲ್ಲಾಗಿ ಜ್ವರ ಬಂದಂತಾಗಿತ್ತು, ಬಂಡೆಯ ಮರೆಯಲ್ಲಿ ಕೂತು ಹಾಲು ಹಿಂಡಿದೆ. ಎಲ್ಲಿ ಚೆಲ್ಲಲಿ? ಹೊಳೆಗೇ ಬಿಟ್ಟೆ. ಬೂದು ನೀರಿನಲ್ಲಿ ಒಂದು ಕ್ಷಣ ಬಿಳಿಯ ಎಳೆ ಕಂಡಿತು, ಹೋಯಿತು. ಪಾಪ ಅಂತ ನೀನು ಅಂದರೆ ಅನ್ನು. ಹೆಪ್ಪುಗಟ್ಟಲಿಲ್ಲ ಅಂತ ನಮ್ಮಜ್ಜಿಯ ಫೋಟೋಗೂ ಹೇಳು.

ವಾಪಸ್ ಬಂದಾಗ ಹರ್ಷಿಣಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ಕರೆದರೂ ಬರಲಿಲ್ಲ. ಮಾತು ಬಿಡುವುದು ನಮ್ಮ ವಂಶದಲ್ಲೇ ಇದೆ ಅಂತ ಸಂದೀಪ್ ಅಂದ. ಆಮೇಲೆ ಬಂದಳು. ಮಕ್ಕಳು ಬರುತ್ತಾರೆ, ಅಮ್ಮಾ.

ಇವತ್ತು ಬೆಳಗಿನ ಜಾವ ನಲ್ಲಿ ಕೆಮ್ಮಿತು. ಎದ್ದು ಹೋಗಿ ಕೈ ಒಡ್ಡಿದೆ. ಆ ನೀರು ಇಲ್ಲಿಗೆ ಬರಲು ಎಷ್ಟು ದಿನ ಹಿಡಿಯುತ್ತದೋ.

ಅಪೂರ್ವ


ತುಮಕೂರು
20-1-2007

ಅಪೂರ್ವ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ನನ್ನ ಜನ್ಮದಲ್ಲಿ ಇದು ಮೊದಲು. ಬರೆಯಲು ಕೂತರೆ ಕೋಪ ಬರುತ್ತಿತ್ತು, ಕೋಪದಲ್ಲಿ ಅಕ್ಷರ ಕೆಡುತ್ತದೆ.

ಸಂಕ್ರಾಂತಿಯ ಎಳ್ಳು ಬೀರಲು ಗುಬ್ಬಿಗೆ, ವೈಜಯಂತಿಯ ಮನೆಗೆ ಹೋಗಿದ್ದೆ. ಅವಳು ಕಬ್ಬು ಕತ್ತರಿಸುತ್ತಿದ್ದಳು. ಸುಮ್ಮನೆ ಕೇಳಿದೆ, 'ವೈಜಯಂತಿ, ಆ ಮೆಟ್ಟಿಲು ಎಷ್ಟು ಅಂದಿದ್ದೆ?' 

'ನೂರೆಂಟು, ಅತ್ತಿಗೆ.'

'ಅಪೂರ್ವ ಹೋಗಿದ್ಲು. ಒಂದೂ ಇಲ್ಲವಂತೆ.'

ಮೊದಲು ನಕ್ಕಳು. 'ಈಗ ಕಿತ್ತುಹಾಕಿರ್ಬೇಕು, ಕಾಲ ಬದಲಾಗಿದೆ' ಅಂದಳು. ಕ್ಲಾಸಿನಲ್ಲಿ ಸುಳ್ಳು ಹೇಳಿದ ಹುಡುಗಿಯ ಮುಂದೆ ಸುಮ್ಮನೆ ನಿಂತರೆ ಸಾಕು, ಅದು ನನಗೆ ಅಭ್ಯಾಸ. ಸ್ವಲ್ಪ ಹೊತ್ತಿಗೆ ಅವಳ ಕೈಯ ಕತ್ತಿ ನಿಂತಿತು. ಅಲ್ಲೇ ಕಬ್ಬಿನ ಸಿಪ್ಪೆಯ ನಡುವೆ ಕೂತು ಅತ್ತಳು.

ಅವರ ಬಸ್ಸು ಉತ್ತರಕಾಶಿಯಿಂದ ಮುಂದೆ ಹೋಗಲೇ ಇಲ್ಲವಂತೆ. ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಕಾದರು, ವಾಪಸಾದರು. ತಂಬಿಗೆಯ ನೀರು ಹರಿದ್ವಾರದ್ದು, ಅಂಗಡಿಯಲ್ಲಿ ಬೆಸುಗೆ ಹಾಕಿಸಿದ್ದು. ಹಿರಿಯರೆಲ್ಲ ಯಾತ್ರೆ ಅರ್ಧಕ್ಕೆ ನಿಂತಿತು ಅಂತ ಹೇಳಿಕೊಳ್ಳುವುದು ಬೇಡ ಅಂತ ಮಾತಾಡಿಕೊಂಡರಂತೆ. 'ನಿಮ್ಮ ಸೀಟು, ನಿಮ್ಮ ಸ್ವೆಟರು. ಮನೆಗೆ ಬಂದ ತಕ್ಷಣ ನೀವು ಬಾಗಿಲಲ್ಲೇ ನಿಂತು, ಹೇಗಿತ್ತು ವೈಜಯಂತಿ ಅಂತ ಕೇಳಿದ್ರಿ. ನೋಡ್ದೆ ಬಂದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ನಮ್ಮೂರ ಕಲ್ಯಾಣಿ ನೆನಪಾಯ್ತು, ಅದನ್ನೇ ದೊಡ್ಡದು ಮಾಡಿ ಹೇಳ್ದೆ. ಒಂದ್ಸಲ ಹೇಳಿದ್ಮೇಲೆ ನಿಲ್ಲಿಸೋಕೆ ಆಗ್ಲಿಲ್ಲ, ಅತ್ತಿಗೆ. ಪುಟ್ಟಿ ಬೇರೆ ದಿನಾ ಕೇಳೋಳು.'

ನಾನು ಬಾಗಿಲಲ್ಲಿ ನಿಂತು ಕೇಳಿದ್ದು ನನಗೆ ಮರೆತೇ ಹೋಗಿತ್ತು.

ಇಷ್ಟು ವರ್ಷ ಅವಳ ಮೇಲೆ ಹೊಟ್ಟೆ ಉರಿದುಕೊಂಡೆ, ಇಲ್ಲದ ಮೆಟ್ಟಿಲುಗಳಿಗೆ. ಅವಳು ಟ್ರಂಕಿನ ತಳದಿಂದ ಆ ಸ್ವೆಟರ್ ತೆಗೆದು ಕೊಟ್ಟಳು. ಬಣ್ಣ ಹಾಗೇ ಇದೆ. ಎಡ ಮೊಣಕೈಯಲ್ಲಿ ಹುಳು ತಿಂದ ತೂತು. ಮನೆಗೆ ಬಂದು ಹಾಕಿ ನೋಡಿದೆ, ಗುಂಡಿ ಕೂಡುವುದಿಲ್ಲ, ಹಾಕದೆ ಬಿಟ್ಟರೆ ಆಗುತ್ತದೆ. ನಿಮ್ಮಪ್ಪ ನೋಡಿ ಪೇಪರ್ ಮಡಿಸಿಟ್ಟರು.

ಇದನ್ನೆಲ್ಲ ನಿನಗೆ ತಿಳಿಸಬೇಕು ಅನ್ನಿಸಿತು, ಅಷ್ಟೇ. ಹೋಗುತ್ತೇನೆ ಅಂತ ಅರ್ಥ ಮಾಡಿಕೊಳ್ಳಬೇಡ. ನಿನ್ನ ಮೇಲಿನ ಕೋಪವೂ ಇಳಿದಿಲ್ಲ. ಹಾಲಿನ ವಿಷಯ ಬಂದ ಭಾಗವನ್ನು ನಿಮ್ಮಪ್ಪನಿಗೆ ಓದಿ ಹೇಳಲಿಲ್ಲ. ಪಾಪ ಅಂತ ನನಗೆ ಅನ್ನಿಸಲಿಲ್ಲ.

ಅಲ್ಲಿಯ ಮಂಜುಗಡ್ಡೆ ಬೆಳ್ಳಗಿದೆಯೋ ನೀಲಿಯೋ, ಅಷ್ಟನ್ನಾದರೂ ಬರೆಯಬಹುದಿತ್ತು.

ಇಂದಿರಮ್ಮ


ಮಯೂರ್ ವಿಹಾರ್
18 ಮೇ 2007, ಶುಕ್ರವಾರ

ಅಮ್ಮಾ,

ಬೆಳ್ಳಗೋ ನೀಲಿಯೋ, ಬರೆಯುವುದಿಲ್ಲ. ಫೆಬ್ರುವರಿಯಿಂದ ಎಷ್ಟೋ ಸಲ ಬರೆಯಲು ಕೂತು ಹರಿದುಹಾಕಿದ್ದೇನೆ. ಚಳಿ ಹೋಗಲಿ, ಹಿಮ ಕರಗಿ ದಾರಿ ತೆರೆಯಲಿ ಅಂತ ಕಾಯುತ್ತಿದ್ದೆ. ತೆರೆದಿದೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಕೈಗೆ ಕೊಟ್ಟವನು ಇಂದುಶೇಖರ, ಸಂದೀಪನ ಆಫೀಸಿನವನು, ನಮ್ಮ ತುಮಕೂರಿನವನೇ. ಅವನ ತಂದೆಯ ಕಣ್ಣಿನ ಆಪರೇಷನ್ ಆಗಿದೆ, ನೋಡಿಕೊಂಡು ಬರಲು ಒಂದೇ ರಾತ್ರಿಗೆ ಬಂದಿದ್ದಾನೆ. ನಾಚಿಕೆ ಸ್ವಭಾವ, ಕಾಫಿ ಬೇಡ ಅಂದಿರುತ್ತಾನೆ, ಕೊಡು. ಬೆಳಗಿನ ಜಾವ ಅವನ ಕಾರು ಬೆಂಗಳೂರಿಗೆ, ದೆಹಲಿಯ ವಿಮಾನ ಹಿಡಿಯಲು ಹೊರಡುತ್ತದೆ. ತುಮಕೂರಿನ ನಮ್ಮ ಬೀದಿಯ ಮೇಲೇ ಹಾದುಹೋಗಬೇಕು. ಇದೇ ಲಕೋಟೆಯಲ್ಲಿರುವ ಇನ್ನೊಂದು ಕಾಗದ ಅದೇ ವಿಮಾನದ ಟಿಕೆಟ್. ನಿನ್ನ ಹೆಸರಿನದು. ಕಿಟಕಿ ಪಕ್ಕದ ಸೀಟು ಕೇಳಿ ಕೊಡಿಸು ಅಂತ ಅವನಿಗೆ ಹೇಳಿದ್ದೇನೆ.

ನಾಳೆ ರಾತ್ರಿ ನಾವೆಲ್ಲ ಇಲ್ಲಿಂದ ಹೊರಡುತ್ತೇವೆ. ಸಂದೀಪ್, ಹರ್ಷಿಣಿ ಉತ್ತರಕಾಶಿಯಲ್ಲಿ ಉಳಿಯುತ್ತಾರೆ, ಅದೇ ಲಾಡ್ಜು. ಬಾಲ್ಕನಿಯ ಕಂಬಿಗಳು ಸರಿಯಾಗಿಯೇ ಇವೆ. ಮೇಲೆ ನಾವಿಬ್ಬರೇ. ಮಂಡಿ ನೋವಾದರೆ ಭೋಜ್‌ಬಾಸಾದವರೆಗೆ ಕುದುರೆ ಸಿಗುತ್ತದೆ. ಕುದುರೆಯ ಮೇಲೆ ಇಂದಿರಾ ಟೀಚರ್, ಅದನ್ನು ನೋಡಲಾದರೂ ನಾನು ಬರುತ್ತೇನೆ.

ನೆಪ ಹುಡುಕಬೇಡ, ಎಲ್ಲವನ್ನೂ ನಾನೇ ಹುಡುಕಿ ನೋಡಿದ್ದೇನೆ. ನಿನ್ನೆಯಿಂದ ಅಧಿಕ ಮಾಸ, ಯಾರ ಮದುವೆಯೂ ಇಲ್ಲ, ಯಾರ ಗೃಹಪ್ರವೇಶವೂ ಇಲ್ಲ. ಅಪ್ಪನ ಊಟಕ್ಕೆ ವೈಜಯಂತಿ ಅತ್ತೆ ಗುಬ್ಬಿಯಿಂದ ಬಂದಿರುತ್ತಾರೆ. ಅವರಿಗೆ ಫೋನ್ ಮಾಡಿದಾಗ, 'ನಾನು ಬರ್ತೀನಿ ಪುಟ್ಟಿ, ಈ ಸಲ ಅವರ ಸೀಟಲ್ಲಿ ಅವರೇ ಕೂರ್ಲಿ' ಅಂದರು. ಅಪ್ಪನಿಗೂ ಹೇಳಿದ್ದೇನೆ. ಮಂಗಳವಾರ ನೀನು ಪೂಜೆಯಲ್ಲಿದ್ದಾಗ. 'ಹೂಂ' ಅಂದರು. ಎಂದಿನಂತೆ ಇಟ್ಟುಬಿಡುತ್ತಾರೆ ಅಂದುಕೊಂಡೆ. ಇಡಲಿಲ್ಲ. ಆಮೇಲೆ, 'ಅವಳ ಚೀಲ ಅಟ್ಟದಿಂದ ಇಳಿಸಿಡ್ಲಾ?' ಅಂತ ಕೇಳಿದರು. ಹೋಗಿ ನೋಡು, ಮಂಚದ ಕೆಳಗೆ ಇರಬೇಕು.

ಹರ್ಷಿಣಿ ನಡೆಯುತ್ತಾಳೆ, ಬೀಳುತ್ತಾಳೆ, ಮತ್ತೆ ನಡೆಯುತ್ತಾಳೆ. ನಲ್ಲಿ ಕೆಮ್ಮಿದರೆ ಎದ್ದು ಕೂತು 'ಪಾನಿ ಆ ದಯಾ' ಅನ್ನುತ್ತಾಳೆ. ಕನ್ನಡದಲ್ಲಿ ಹೇಳೇ ಅಂದರೆ ನನ್ನ ಮುಖ ನೋಡುತ್ತಾಳೆ. ನಿನ್ನ ಫೋಟೋ ತೋರಿಸಿದರೆ 'ಅಜ್ಜಿ' ಅನ್ನುತ್ತಾಳೆ. ಅವಳಿಗೆ ಅಜ್ಜಿ ಅಂದರೆ ಗೋಡೆಯ ಮೇಲಿರುವ ಒಂದು ವಸ್ತು.

ಇನ್ನು ಆ ಮಾತು. ತಪ್ಪಾಯಿತು ಅಂತ ಈಗಲೂ ಬರೆಯುವುದಿಲ್ಲ. ಆದರೆ ಆ ದಿನ ಅರ್ಧ ಆಡಿದ್ದನ್ನು ಇವತ್ತು ಪೂರ್ತಿ ಮಾಡುತ್ತೇನೆ. ಇದು ನನ್ನ ಮನೆ, ಅಮ್ಮಾ. ಅದಕ್ಕೇ ಕರೆಯುತ್ತಿದ್ದೇನೆ. ಬಾ.

ಒಂದೇ ಒಂದು ಶರತ್ತು. ಇಂದುಶೇಖರನಿಗೆ ಹೇಳಿದ್ದೇನೆ, ನಾನು ಫೋನ್ ಮಾಡಿ ತಿಳಿಸದಿದ್ದರೆ ತುಮಕೂರಿನ ಮನೆಯ ಮುಂದೆ ಕಾರು ನಿಲ್ಲಿಸಬೇಡ ಅಂತ. ನೀನು ಬಾಯಿ ಬಿಟ್ಟು ಹೇಳದೆ ನಾನು ಅವನಿಗೆ ತಿಳಿಸುವುದಿಲ್ಲ. ನಿನ್ನ ಸೀಟಿನ ಬಗ್ಗೆ ಒಮ್ಮೆ ಬೇರೆಯವರು ತೀರ್ಮಾನ ಮಾಡಿದ್ದಾರೆ, ನೀನು ಸುಮ್ಮನಿದ್ದೆ. ಈ ಸಲ ಬರುತ್ತೇನೆ ಅಂತಲೋ ಬರುವುದಿಲ್ಲ ಅಂತಲೋ ನಿನ್ನ ಬಾಯಿಂದಲೇ ಬರಬೇಕು. ಬರುವುದಿಲ್ಲ ಅಂದರೆ ನಾನು ಒಬ್ಬಳೇ ಹೋಗುತ್ತೇನೆ, ವರ್ಷ ವರ್ಷವೂ ಹೋಗುತ್ತೇನೆ, ವರ್ಷ ವರ್ಷವೂ ಬಂದು ಹೇಳುವುದಿಲ್ಲ.

ಸ್ವೆಟರ್ ಮರೆಯಬೇಡ. ಮೊಣಕೈಯ ತೂತನ್ನು ದಾರಿಯಲ್ಲಿ ಹೊಲಿಯೋಣ.

ಹಟವೆಲ್ಲ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ಬೇಡಿಕೊಳ್ಳುವುದು. ಫೋನು ನನ್ನ ದಿಂಬಿನ ಪಕ್ಕದಲ್ಲೇ ಇರುತ್ತದೆ. ನನಗೆ ಹೇಗೂ ನಿದ್ದೆ ಇಲ್ಲ, ಎಬ್ಬಿಸಿದೆ ಅನ್ನುವ ಸಂಕೋಚ ಬೇಡ. ಪತ್ರ ಓದಿದ ತಕ್ಷಣ ಮಾಡು. ಆಗದಿದ್ದರೆ ಚೀಲ ತುಂಬಿದ ಮೇಲೆ ಮಾಡು, ನಡುರಾತ್ರಿ ಮಾಡು, ಇಲ್ಲಿ ನಲ್ಲಿ ಕೆಮ್ಮುವ ಹೊತ್ತಿಗೆ ಮಾಡು. ಬಯ್ಯಬೇಕಿದ್ದರೆ ಬಯ್ಯಲಿಕ್ಕಾದರೂ ಮಾಡು. ಅಪ್ಪನ ಕೈಗೆ ಮಾತ್ರ ಕೊಡಬೇಡ. ನೀನೇ, ಅಮ್ಮಾ, ನಿನ್ನ ದನಿಯಲ್ಲೇ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡು.

ನಿನ್ನ
ಅಪೂರ್ವ